ಬಿ.ಕಾಂ. ಬಿಟ್ಟು ಸ್ಪ್ಯಾನಿಷ್ ಓದಲೇ?

ಬೋಧನೆ, ಅನುವಾದವೇ ನಿಮ್ಮ ಗುರಿಯಾಗಿದ್ದರೆ ದೆಹಲಿಯ ಜೆಎನ್‌ಯು ಅಥವಾ ಹೈದರಾಬಾದಿನ ಇಫ್ಲುವಿನಲ್ಲಿ ಸ್ಪ್ಯಾನಿಷ್ ಪದವಿ ಓದಿ ಎನ್ನುತ್ತಿದ್ದೆ. ಆದರೆ ಲೆಕ್ಕಪತ್ರ ನಿಮಗಿಷ್ಟ ಎಂದು ಬರೆದಿದ್ದೀರಿ, ಹಾಗಾದರೆ ಬಿ.ಕಾಂ. ಖಂಡಿತ ಬಿಡಬೇಡಿ. ಬೆಂಗಳೂರಿನಲ್ಲಿ ಕುಳಿತು ಮೆಕ್ಸಿಕೊ, ಕೊಲಂಬಿಯಾದ ಗ್ರಾಹಕರ ಇನ್‌ವಾಯ್ಸ್ ನೋಡುವವರಿಗೆ ಲೆಕ್ಕವೂ ಗೊತ್ತಿರಬೇಕು, ಭಾಷೆಯೂ ಬರಬೇಕು. ಪದವಿಯ ಜೊತೆಗೇ ಸಂಜೆ ತರಗತಿಗೆ ಸೇರಿ, ಇನ್‌ಸ್ಟಿಟ್ಯೂಟೊ ಸರ್ವಾಂಟೆಸ್‌ನ ಡೆಲೆ ಪರೀಕ್ಷೆಯಲ್ಲಿ ಬಿ2 ಹಂತ ಮುಟ್ಟಿ. ಎ1, ಎ2ಕ್ಕೇ ನಿಲ್ಲಬೇಡಿ. ಅಷ್ಟು ಕಲಿತವರು ಮೆನು ಓದಬಲ್ಲರು, ಆದರೆ ಬಾಕಿ ಹಣದ ಬಗ್ಗೆ ಫೋನಿನಲ್ಲಿ ಗ್ರಾಹಕ ದಡಬಡ ಮಾತಾಡಿದರೆ ತಡವರಿಸುತ್ತಾರೆ. ಸಂದರ್ಶನದಲ್ಲೇ ಅದು ಗೊತ್ತಾಗಿಬಿಡುತ್ತದೆ. ವ್ಯಾಕರಣದಷ್ಟೇ ಸಮಯವನ್ನು ಕೇಳುವುದಕ್ಕೂ ಮಾತಾಡುವುದಕ್ಕೂ ಕೊಡಿ. ಖರ್ಚಿನ ಬಗ್ಗೆ ಚಿಂತಿಸುವ ನಿಮ್ಮ ತಂದೆಗೂ ಒಂದು ಮಾತು ತಿಳಿಸಿ: ಡೆಲೆ ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ.