ಹಳೇ ಮನೆಯಲ್ಲಿ ಸಿಕ್ಕ ನಾಣ್ಯ ಯಾರ ಕಾಲದ್ದು? ಪತ್ತೆ ಹಚ್ಚುವುದು ಹೀಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಹಳೇ ತೊಟ್ಟಿಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಹೆಂಚು ಇಳಿಸಿ ಜಂತೆ ಕಳಚುವಾಗ, ಗೋಡೆಯ ಗೂಡು ಒಡೆಯುವಾಗ, ಹಗೇವು ಮುಚ್ಚುವಾಗ ಒಂದೆರಡು ಕಾಸು ಕೈಗೆ ಸಿಗುವುದುಂಟು. ಮೈಸೂರು ಅರಸರೂ ಹೈದರ್, ಟಿಪ್ಪುವೂ ಆಳಿದ ನೆಲವಿದು. ಒಂದು ಮಗ್ಗುಲಲ್ಲಿ ಕೊಡಗು, ಇನ್ನೊಂದರಲ್ಲಿ ವಯನಾಡು. ಹಾಗಾಗಿ ಯಾವ ನಾಣ್ಯ ಬೇಕಾದರೂ ಸಿಗಬಹುದು. ಗುರುತಿಸಲು ಪಂಡಿತರೇ ಆಗಬೇಕಿಲ್ಲ.

ಹಂತ 1: ಉಜ್ಜಬೇಡಿ

ಹುಣಸೆಹಣ್ಣು, ನಿಂಬೆಹುಳಿ, ಬೂದಿ, ಪೀತಾಂಬರಿ ಯಾವುದೂ ಬೇಡ. ತಾಮ್ರದ ಮೇಲೆ ಕಟ್ಟಿದ ಕಂದು, ಹಸಿರು ಪದರದಲ್ಲೇ ಎಷ್ಟೋ ಸಲ ಅಕ್ಷರದ ಅಂಚು ಉಳಿದಿರುತ್ತದೆ. ಉಜ್ಜಿದರೆ ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ, ಬೆಲೆಯೂ ಬೀಳುತ್ತದೆ. ಸಡಿಲ ಮಣ್ಣಿದ್ದರೆ ಮೆತ್ತನೆಯ ಬ್ರಷ್‌ನಿಂದ ಒಣಗಿದ್ದಂತೆಯೇ ಸವರಿ, ಅಂಚಿನಲ್ಲಿ ಹಿಡಿದು ಕಾಗದದ ಲಕೋಟೆಗೆ ಹಾಕಿ.

ಹಂತ 2: ಸಿಕ್ಕ ಜಾಗ ಬರೆದಿಡಿ

ಎಲ್ಲರೂ ಬಿಡುವುದು ಇದನ್ನೇ. ಊರು, ಮನೆ, ಯಾವ ಗೋಡೆ, ಎಷ್ಟು ಆಳ, ಜೊತೆಗೆ ಮಡಕೆ ಚೂರು, ಬಟ್ಟೆ ಗಂಟು ಏನಿತ್ತು ಎಂಬುದನ್ನು ಅಂದೇ ಬರೆಯಿರಿ. ಎತ್ತುವ ಮೊದಲೇ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ಮನೆಯ ಚರಿತ್ರೆಯನ್ನು ಹೇಳಲಾರದು.

ಹಂತ 3: ತೂಕ, ಅಳತೆ, ಅಯಸ್ಕಾಂತ

ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಸ್ಕೇಲಿನಲ್ಲಿ ಅಡ್ಡಳತೆ ನೋಡಿ. ಚಿನ್ನ, ಬೆಳ್ಳಿ, ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬೆಳ್ಳಿಯಂತೆ ಕಂಡರೂ ಅಂಟಿದರೆ ಅದು ಬೆಳ್ಳಿಯಲ್ಲ. 1947ರ ಹುಲಿ ಚಿತ್ರದ ನಿಕ್ಕಲ್ ರೂಪಾಯಿ ಅಂಟುತ್ತದೆ. ವಿಕ್ಟೋರಿಯಾ ರಾಣಿ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು. ಸವೆದಿದ್ದರೆ ಕೊಂಚ ಕಡಿಮೆ. ಎರಡು ಗ್ರಾಂ ಕಡಿಮೆಯಿದ್ದರೆ ಅನುಮಾನಿಸಿ.

ಹಂತ 4: ಚಿತ್ರ, ಲಿಪಿ ನೋಡಿ

ಸಂಜೆಯ ಓರೆ ಬಿಸಿಲಿನಲ್ಲಿ ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮಾಸಿದ ಗೆರೆಗಳೂ ನೆರಳಿನಿಂದ ಎದ್ದು ಕಾಣುತ್ತವೆ.

ಆನೆ ಕಂಡ ತಕ್ಷಣ ಟಿಪ್ಪುವಿನದೆಂದು ತೀರ್ಮಾನಿಸುವವರು ಬಹಳ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲೂ ಆನೆಯಿದೆ. ಆನೆಯ ಮೇಲೆ ಸೂರ್ಯ ಚಂದ್ರ, ‘ಶ್ರೀ’, ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರ ಕಂಡರೆ ಒಡೆಯರದು. ಆಮೇಲಿನ ಕಾಸುಗಳಲ್ಲಿ ಆನೆಯ ಬದಲು ಸಿಂಹ ಬಂತು, ಇಸವಿಯೂ ಬಂತು. 1843ರ ಹೊತ್ತಿಗೆ ಮೈಸೂರು ಸಂಸ್ಥಾನದ ಟಂಕಸಾಲೆ ನಿಂತಿತು.

ಆನೆಯ ಜೊತೆ ಬರೀ ಪಾರಸಿ ಅಕ್ಷರವಿದ್ದರೆ ಬಹುಮಟ್ಟಿಗೆ ಟಿಪ್ಪುವಿನದು. ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದರ ಮೇಲೆ ‘ಪಟನ್’ ಎಂದಿರುತ್ತದೆ. ಇಸವಿಯಲ್ಲೊಂದು ಸೂಕ್ಷ್ಮವಿದೆ. 1787ರ ಸುಮಾರಿಗೆ ಟಿಪ್ಪು ‘ಮೌಲೂದಿ’ ಶಕೆ ತಂದ. ಅಲ್ಲಿಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಎಡದಿಂದ 6221 ಎಂದು ಕಾಣುವುದನ್ನು 1226 ಎಂದು ಓದಬೇಕು. ಅದು ಸುಮಾರು 1798.

ಬಟಾಣಿಗಿಂತ ಚಿಕ್ಕದಾದ, ಅರ್ಧ ಗ್ರಾಮೂ ತೂಗದ ಚಿನ್ನದ ಚೂರು ಸಿಕ್ಕರೆ ಗುಂಡಿಯೆಂದು ಬಿಸಾಡಬೇಡಿ. ಕೂತ ನರಸಿಂಹನಿದ್ದರೆ ಕಂಠೀರಾಯ ಹಣ. ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಆರಂಭಿಸಿದ್ದು. ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಅಚ್ಚಾಯಿತು. ಮಲಬಾರಿನಿಂದ ಹರಿದುಬಂದ ವೀರರಾಯ ಹಣವೂ ಇಷ್ಟೇ ಗಾತ್ರ, ಆದರೆ ಅದರಲ್ಲಿ ದೇವರ ಮೂರ್ತಿಯಿಲ್ಲ, ಗೆರೆ ಚುಕ್ಕಿಗಳಿವೆ. ಶಿವ ಪಾರ್ವತಿ ಇರುವ ವರಹ ಕಂಡರೆ ಹಿಂಬದಿ ತಿರುಗಿಸಿ. ನಾಗರಿಯಲ್ಲಿ ಅರಸನ ಹೆಸರಿದ್ದರೆ ವಿಜಯನಗರದ್ದಾಗಿರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರದೂ ಆಗಿರಬಹುದು. ಪಾರಸಿಯ ಒಂಟಿ ಅಕ್ಷರವಿದ್ದರೆ ಹೈದರ್ ಅಲಿಯದು.

1835ರಿಂದ ಈಚಿನ ಈಸ್ಟ್ ಇಂಡಿಯಾ ಕಂಪನಿ, ಬ್ರಿಟಿಷ್ ನಾಣ್ಯಗಳಲ್ಲಿ ಇಸವಿ ಇಂಗ್ಲಿಷಿನಲ್ಲೇ ಇದೆ, ತೊಡಕಿಲ್ಲ.

ಹಂತ 5: ನಕಲಿ ಬಿಡಿಸಿ

ಒಂದು ಬದಿ ರಾಮ, ಸೀತೆ ಅಥವಾ ಹನುಮಂತ, ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆಗಳು ನಮ್ಮ ಕಡೆ ಮನೆಮನೆಯಲ್ಲಿವೆ. ಕಂಪನಿ ಅಂಥ ನಾಣ್ಯ ಹೊರಡಿಸಿಲ್ಲ. ದೇವರ ಗೂಡಿನಲ್ಲಿ ಇಟ್ಟುಕೊಳ್ಳಿ, ಲಕ್ಷಗಳ ಆಸೆ ಬೇಡ.

ಹಂತ 6: ಬಲ್ಲವರಿಗೆ ತೋರಿಸಿ

ಎರಡೂ ಬದಿಯ ಫೋಟೋ, ತೂಕ, ಅಡ್ಡಳತೆ ಹಿಡಿದು ಮೈಸೂರಿನ ಪುರಾತತ್ವ ಇಲಾಖೆಗೆ ಅಥವಾ ಮಾನಸಗಂಗೋತ್ರಿಯ ಪ್ರಾಚೀನ ಇತಿಹಾಸ ವಿಭಾಗಕ್ಕೆ ಹೋಗಿ. ನೆಲದಲ್ಲೋ ಗೋಡೆಯೊಳಗೋ ಬಚ್ಚಿಟ್ಟ ಗಂಟೇ ಸಿಕ್ಕರೆ ಹಂಚಿಕೊಳ್ಳಬೇಡಿ. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆಯಿದೆ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು, ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಹಳೇ ನಾಣ್ಯಕ್ಕೆ ಕೋಟಿ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಕಮಿಷನ್ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಹೊರಡಿಸಿದೆ.