ನಾಯಿಯ ಹಗ್ಗವೂ ನಗರದ ನಿಯಮವೂ

ಸಾರ್ವಜನಿಕ ಉದ್ಯಾನಗಳ ಬಾಗಿಲಲ್ಲಿ ನಿಯಮಗಳ ಫಲಕವಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಏನನ್ನು ಮಾಡಕೂಡದೆಂದು ಫಲಕ ಹೇಳುತ್ತದೆ. ಏಕೆ ಮಾಡಕೂಡದೆಂಬುದನ್ನು ಹೇಳುವುದು ಅಪರೂಪ. ಕಾರಣ ತಿಳಿಯದ ನಿಯಮ ಅಧಿಕಾರಿಗಳ ಹಟದಂತೆ ತೋರುತ್ತದೆ. ಕಾವಲುಗಾರನು ಮರೆಯಾದೊಡನೆ ಅದನ್ನು ಮೀರಲು ಮನಸ್ಸು ಅಳುಕುವುದಿಲ್ಲ. ಉದ್ಯಾನಗಳಲ್ಲಿಯೂ ಕಡಲತೀರಗಳಲ್ಲಿಯೂ ನಾಯಿಯನ್ನು ಕರೆದೊಯ್ಯುವವರಿಗೆ ಬೇರೆ ಬೇರೆ ಊರುಗಳು ವಿಧಿಸಿರುವ ಕಟ್ಟಳೆಗಳನ್ನು ತೆಗೆದುಕೊಂಡು, ಅವುಗಳ ಹಿಂದೆ ನಿಸರ್ಗದ ಯಾವ ನಿಯಮಗಳು ಅಡಗಿವೆಯೆಂಬುದನ್ನು ಇಲ್ಲಿ ವಿಚಾರಿಸೋಣ.

ಆರು ಅಡಿಯ ಮಿತಿ

ನ್ಯೂಯಾರ್ಕ್ ನಗರದ ಸಾರ್ವಜನಿಕ ಸ್ಥಳಗಳಲ್ಲಿ ನಾಯಿಯನ್ನು ೬ ಅಡಿಗಿಂತ ಉದ್ದವಲ್ಲದ ಹಗ್ಗದಲ್ಲಿ ಹಿಡಿದಿರಬೇಕು. ಅದೇ ದೇಶದ ಇನ್ನೊಂದು ಅಂಚಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚಿನ ಒಂದು ಭಾಗದಲ್ಲಿಯೂ ವರ್ಷದ ಬಹುಕಾಲ ಇದೇ ೬ ಅಡಿಯ ನಿಯಮವಿದೆ. ಆರು ಎಂಬ ಅಂಕಿಯಲ್ಲಿ ಯಾವ ಮಹಿಮೆಯೂ ಇಲ್ಲ. ಐದು ಅಥವಾ ಏಳು ಆಗಿದ್ದರೂ ಆಗುತ್ತಿತ್ತು. ಆದರೆ ಒಂದು ಮಿತಿ ಏಕೆ ಬೇಕೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು.

೩೦ ಕಿಲೋಗ್ರಾಮ್ ತೂಕದ ನಾಯಿಯೊಂದು ಯಜಮಾನನ ಕಾಲ ಬಳಿಯಿಂದ ಅಳಿಲೊಂದನ್ನು ಕಂಡು ಹಾರಿತೆನ್ನೋಣ. ಅದರ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ೫ ಮೀಟರ್ ಎಂದು ಭಾವಿಸೋಣ. ಸಡಿಲವಾಗಿದ್ದ ಹಗ್ಗ ಬಿಗಿಯಾಗುವವರೆಗೆ ನಾಯಿ ವೇಗವನ್ನು ಗಳಿಸುತ್ತಲೇ ಇರುತ್ತದೆ. ಆಗ ಅದು ಪಡೆಯುವ ಚಲನಶಕ್ತಿಯು ದ್ರವ್ಯರಾಶಿ, ವೇಗೋತ್ಕರ್ಷ, ಹಗ್ಗದ ಉದ್ದ ಇವುಗಳ ಗುಣಲಬ್ಧಕ್ಕೆ ಸಮ. ೬ ಅಡಿ ಎಂದರೆ ಸುಮಾರು ೧.೮ ಮೀಟರ್, ಆದುದರಿಂದ ಶಕ್ತಿ ೩೦ × ೫ × ೧.೮, ಅಂದರೆ ೨೭೦ ಜೂಲ್. ಕೈಯೂ ಭುಜವೂ ೩೦ ಸೆಂಟಿಮೀಟರ್ ಮುಂದಕ್ಕೆ ಹೋಗುವಷ್ಟರಲ್ಲಿ ನಾಯಿಯನ್ನು ನಿಲ್ಲಿಸಬೇಕಾದರೆ ಸರಾಸರಿ ೯೦೦ ನ್ಯೂಟನ್ ಬಲ ಬೇಕು. ಇದು ೯೨ ಕಿಲೋಗ್ರಾಮಿನ ಮೂಟೆಯ ಭಾರಕ್ಕೆ ಸಮಾನ. ಬಲಿಷ್ಠನಾದವನು ಕಾಲೂರಿ ನಿಂತರೆ ಕ್ಷಣಮಾತ್ರ ತಡೆದಾನು.

ಈಗ ಹಗ್ಗವನ್ನು ೫ ಮೀಟರಿಗೆ ಬೆಳೆಸಿ ನೋಡಿರಿ. ಶಕ್ತಿ ೭೫೦ ಜೂಲ್, ಬಲ ೨೫೦೦ ನ್ಯೂಟನ್. ಇಂಥ ಸೆಳೆತಕ್ಕೆ ಹಿಡಿತ ತಪ್ಪಬಹುದು, ಹಿಡಿದವನು ಮುಗ್ಗರಿಸಬಹುದು, ನಾಯಿಯ ಕೊರಳಿಗೂ ಪೆಟ್ಟಾಗಬಹುದು. ಹೀಗೆ ಹಗ್ಗದ ಮಿತಿಯು ದಾರಿಹೋಕರಿಗೆಷ್ಟೋ ಅಷ್ಟೇ ನಾಯಿಗೂ ಅದರ ಯಜಮಾನನಿಗೂ ರಕ್ಷೆಯಾಗಿದೆ.

ವಿಸ್ತೀರ್ಣದ ವಿಷಯ ಇನ್ನೂ ಸ್ವಾರಸ್ಯಕರ. ಶಕ್ತಿಯು ಉದ್ದದೊಡನೆ ಬೆಳೆದರೆ, ನಾಯಿ ಆಕ್ರಮಿಸುವ ವೃತ್ತವು ಉದ್ದದ ವರ್ಗದೊಡನೆ ಬೆಳೆಯುತ್ತದೆ. ೧.೮ ಮೀಟರಿನ ಹಗ್ಗಕ್ಕೆ ಸುಮಾರು ೧೦ ಚದರ ಮೀಟರ್ ನೆಲ ಸಾಕು. ೫ ಮೀಟರಿನದಕ್ಕೆ ೭೮ ಚದರ ಮೀಟರಿಗೂ ಹೆಚ್ಚು ಬೇಕು. ಕಿರಿದಾದ ಕಾಲುದಾರಿಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಹಗ್ಗವೇ ಇಲ್ಲದಿದ್ದರೆ? "ನನ್ನ ನಾಯಿ ಕರೆದರೆ ಬರುತ್ತದೆ" ಎಂಬುದು ಎಲ್ಲೆಡೆಯೂ ಕೇಳಿಬರುವ ಮಾತು. ಯಜಮಾನನು ನೋಡಿ, ಅರಿತು, ಕೂಗಿ, ನಾಯಿ ಆ ಕೂಗನ್ನು ಕೇಳಿ ತಿರುಗಲು ಒಂದೇ ಸೆಕೆಂಡು ಸಾಕೆನ್ನೋಣ. ಸೆಕೆಂಡಿಗೆ ೮ ಮೀಟರ್ ಓಡುವ ನಾಯಿ ಅಷ್ಟರಲ್ಲಿ ೮ ಮೀಟರ್ ಮುಂದಿರುತ್ತದೆ. ಆರು ಮೀಟರ್ ದೂರದಲ್ಲಿ ಅಂಬೆಗಾಲಿಡುವ ಮಗುವಿದ್ದರೆ, ಆ ನಾಯಿ ಎಷ್ಟೇ ವಿಧೇಯವಾಗಿದ್ದರೂ ಕೂಗು ತಡವಾದಂತೆಯೇ.

ಸ್ಥಳದ ಬದಲು ಕಾಲ

ಆದರೆ ನಾಯಿಗೆ ಓಡಾಟವೂ ಬೇಕು. ಇದಕ್ಕೆ ನ್ಯೂಯಾರ್ಕಿನವರು ಕಂಡುಕೊಂಡ ಉಪಾಯವು ಬುದ್ಧಿವಂತಿಕೆಯದು. ಗೊತ್ತುಪಡಿಸಿದ ಉದ್ಯಾನಗಳ ಕೆಲವು ಭಾಗಗಳಲ್ಲಿ ಬೆಳಿಗ್ಗೆ ೯ ಗಂಟೆಗೆ ಮೊದಲು, ರಾತ್ರಿ ೯ ಗಂಟೆಯ ಅನಂತರ, ಉದ್ಯಾನ ತೆರೆದಿರುವವರೆಗೆ ನಾಯಿಗಳನ್ನು ಬಿಚ್ಚಿಬಿಡಬಹುದು. ಅವಕ್ಕೆ ಪರವಾನಗಿಯೂ ಹುಚ್ಚುನಾಯಿರೋಗದ ವಿರುದ್ಧ ಚುಚ್ಚುಮದ್ದೂ ಆಗಿರಬೇಕು. ಒಂದೇ ಬಯಲಿನಲ್ಲಿ ಹಗಲು ಮಕ್ಕಳು, ಮುಂಜಾನೆ ನಾಯಿಗಳು. ಹಗ್ಗವು ಸ್ಥಳದಲ್ಲಿ ಮಾಡುವ ವಿಭಜನೆಯನ್ನು ಇಲ್ಲಿ ಗಡಿಯಾರವು ಕಾಲದಲ್ಲಿ ಮಾಡುತ್ತದೆ.

ನಲವತ್ತು ಗ್ರಾಮಿನ ಹಕ್ಕಿ

ಓಷನ್ ಬೀಚಿನ ನಿಯಮವು ಪ್ರತಿವರ್ಷ ಜುಲೈ ೧ರಿಂದ ಮೇ ೧೫ರವರೆಗೆ ಜಾರಿಯಲ್ಲಿರುತ್ತದೆ. ಇದು ಸ್ನೋವಿ ಪ್ಲವರ್ ಎಂಬ ಹಕ್ಕಿಗಾಗಿ. ಶಾಂತಸಾಗರದ ಕರಾವಳಿಯ ಈ ಹಕ್ಕಿಗಳನ್ನು ೧೯೯೩ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅವು ಈ ತೀರಕ್ಕೆ ಬರುವುದು ಗೂಡುಕಟ್ಟಲಲ್ಲ, ವಿಶ್ರಮಿಸಲು, ಮೈಯಲ್ಲಿ ಕೊಬ್ಬನ್ನು ಕೂಡಿಡಲು.

ನಾಯಿ ಹಕ್ಕಿಯನ್ನು ಹಿಡಿಯಲಿಲ್ಲವಲ್ಲ, ಹಾರಿಸಿತಷ್ಟೆ, ನಷ್ಟವೇನು? ಇದರ ತೂಕ ಸುಮಾರು ೪೦ ಗ್ರಾಮ್. ನಮ್ಮ ನಾಯಿಯ ತೂಕದ ೭೫೦ರಲ್ಲೊಂದು ಪಾಲು. ಆಕಾರ ಒಂದೇ ಎಂದು ಭಾವಿಸಿದರೆ, ಪ್ರತಿ ಗ್ರಾಮಿಗೆ ಬರುವ ಮೈಯ ಹೊರಮೈ ಹಕ್ಕಿಯಲ್ಲಿ ೭೫೦ರ ಘನಮೂಲದಷ್ಟು, ಎಂದರೆ ಸುಮಾರು ೯ ಪಟ್ಟು ಹೆಚ್ಚು. ಶಾಖವು ಸೋರುವುದು ಹೊರಮೈಯಿಂದಲೇ. ಹಾರಾಟಕ್ಕಾದರೋ ವಿಶ್ರಾಂತಿಗಿಂತ ಅನೇಕ ಪಟ್ಟು ಶಕ್ತಿ ಬೇಕು. ನಾಯಿಗೆ ಕ್ಷಣದ ಆಟವಾದುದು ಹಕ್ಕಿಯ ಉಳಿತಾಯದ ಗಂಟನ್ನು ಕರಗಿಸುತ್ತದೆ. ದಿನಕ್ಕೆ ಹತ್ತು ನಾಯಿಗಳು ಆಡಿದರೆ ಗಂಟೇ ಬರಿದಾಗುತ್ತದೆ.

ನಮ್ಮ ಉತ್ತರ ಕನ್ನಡದ ಮರಳಿನಲ್ಲಿಯೂ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳು ಒಡೆಯಲು ಸುಮಾರು ಐವತ್ತು ದಿನ ಬೇಕು. ಅಷ್ಟು ದಿನವೂ ಅವನ್ನು ಅಗೆದು ತಿನ್ನುವ ಶತ್ರುಗಳಲ್ಲಿ ನಾಯಿ ಮುಖ್ಯವಾದುದು. ಗೂಡುಗಳ ಸುತ್ತ ಬೇಲಿ ಕಟ್ಟುವುದು ಇದಕ್ಕಾಗಿಯೇ.

ಕೂಡಲೆ ಎತ್ತಬೇಕು, ಏಕೆ?

ನಾಯಿಯ ಮಲವನ್ನು ಯಜಮಾನನೇ ಎತ್ತಬೇಕೆಂಬ ಕಾನೂನು ನ್ಯೂಯಾರ್ಕಿನಲ್ಲಿ ೧೯೭೮ರಲ್ಲಿ ಜಾರಿಗೆ ಬಂದಿತು. ಇದು ಕೇವಲ ಅಂದಚೆಂದದ ಮಾತಲ್ಲ. ಟಾಕ್ಸೊಕಾರ ಎಂಬ ದುಂಡುಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬಿದ್ದಾಗ ಸೋಂಕು ತಗುಲಿಸಲಾರವು. ಮಣ್ಣಿನಲ್ಲಿ ಕೆಲವು ವಾರ ಬೆಳೆದ ಮೇಲೆಯೇ ಅಪಾಯಕಾರಿಯಾಗುತ್ತವೆ. ಅನಂತರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರುತ್ತವೆ. ಮಣ್ಣಾಟವಾಡಿದ ಮಗುವಿನ ಬಾಯಿಗೆ ಸೇರಿದರೆ ಮರಿಹುಳು ಕಣ್ಣನ್ನು ತಲಪಿ ದೃಷ್ಟಿಗೇ ಕುಂದು ತರಬಹುದು. ಕೊಕ್ಕೆಹುಳುವಿನ ಮರಿಗಳಾದರೋ ಬೆಚ್ಚನೆಯ ಒದ್ದೆ ಮರಳಿನಲ್ಲಿ ಸುಮಾರು ಒಂದು ವಾರಕ್ಕೇ ಸಿದ್ಧವಾಗಿ, ಬರಿಗಾಲಿನ ಚರ್ಮವನ್ನೇ ತೂರುತ್ತವೆ. ಹೀಗೆ ನಿಸರ್ಗವು ನಮಗೆ ಕೆಲವು ದಿನಗಳ ಅವಕಾಶವನ್ನು ಕೊಟ್ಟಿದೆ. ಅದರೊಳಗೆ ಎತ್ತಿದವನು ರೋಗದ ಸರಪಣಿಯನ್ನೇ ಕಡಿದಂತೆ.

ಇಂಗ್ಲೆಂಡಿನ ಅನೇಕ ಕರಾವಳಿ ಊರುಗಳು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸ್ನಾನದ ತೀರಗಳಿಗೆ ನಾಯಿಗಳನ್ನು ಬಿಡುವುದಿಲ್ಲ. ಅಲ್ಲಿ ಜನರು ನೀರಿಗಿಳಿಯುವ ಕಾಲವೇ ಅದು.

ನಿಯಮಗಳು ಊರಿಂದೂರಿಗೆ ಬೇರೆ. ವೇಗೋತ್ಕರ್ಷ, ಹೊರಮೈ, ಹುಳುವಿನ ಬೆಳವಣಿಗೆ ಇವು ಎಲ್ಲಿಯೂ ಒಂದೇ. ಕಾರಣವನ್ನರಿತವನಿಗೆ ಕಾವಲುಗಾರನ ಅಗತ್ಯವಿಲ್ಲ.

ಅಭ್ಯಾಸ

೧. ಮೇಲಿನ ಲೆಕ್ಕವನ್ನು ೧೦ ಕಿಲೋಗ್ರಾಮ್ ತೂಕದ ನಾಯಿಗೂ ೩ ಮೀಟರ್ ಹಗ್ಗಕ್ಕೂ ಮಾಡಿರಿ.
೨. ಹಗ್ಗದ ಉದ್ದ ಇಮ್ಮಡಿಯಾದರೆ ನಾಯಿಯ ಗರಿಷ್ಠ ವೇಗ ಎಷ್ಟು ಪಟ್ಟಾಗುತ್ತದೆ?
೩. ರಬ್ಬರಿನಂತೆ ಹಿಗ್ಗುವ ಹಗ್ಗವು ಕೈಗೆ ತಗಲುವ ಬಲವನ್ನು ಏಕೆ ತಗ್ಗಿಸುತ್ತದೆ?