ದೋಣಿಯಾನ ಮತ್ತು ಬಿಡಾರ: ನೀರಿಗಿಳಿಯುವ ಮೊದಲಿನ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ—ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿಗಳೂ, ಶಿವಗಂಗೆಯ ಬಳಿ ಹುಟ್ಟುವ ಕುಮುದ್ವತಿಯೂ ಒಳ್ಳೆಯ ಮಳೆಯಾದಾಗ ಮಾತ್ರ ನದಿಗಳೆನಿಸಿಕೊಳ್ಳುತ್ತವೆ. ಇಲ್ಲಿಯ ವಿದ್ಯಾರ್ಥಿಗಳಿಗೆ ನೀರೆಂದರೆ ಕೆರೆಯ ನೀರು. ಹುಟ್ಟು ಹಿಡಿದು ದೋಣಿ ನಡೆಸಿದವರು ಅವರಲ್ಲಿ ವಿರಳ. ಈಜಬಲ್ಲವರೂ ಹೆಚ್ಚು ಮಂದಿಯಿಲ್ಲ. ಆದರೂ ಬೇಸಗೆಯ ರಜೆ ಬಂದಿತೆಂದರೆ, ಕೆರೆಗೋ ಕಲ್ಲುಗಣಿಯ ಹೊಂಡಕ್ಕೋ ಇಳಿದ ಹುಡುಗರು ಮುಳುಗಿಹೋದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆ ಹುಡುಗರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ಮುಂದಾಲೋಚನೆಗೆ ಕೊರತೆಯಿತ್ತು. ನೀರಿನ ಮೇಲಿನ ಪ್ರವಾಸದ ಕ್ಷೇಮವು ಬಹುಮಟ್ಟಿಗೆ ದಡದಲ್ಲಿಯೇ, ಕಾಗದದ ಮೇಲೆಯೇ ನಿರ್ಧಾರವಾಗುತ್ತದೆ. ಅದು ಹೇಗೆಂಬುದನ್ನು ಒಂದು ಉದಾಹರಣೆಯ ಮೂಲಕ ವಿಚಾರಿಸೋಣ.

ಸ್ವೀಡನ್, ನಾರ್ವೆ ದೇಶಗಳಲ್ಲಿ ಕ್ಯಾನೋ ಎಂಬ ಹಗುರವಾದ ನೀಳದೋಣಿಗಳಲ್ಲಿ ಡೇರೆ, ಪಾತ್ರೆಪಗಡಿಗಳನ್ನು ಹೇರಿಕೊಂಡು, ಸರೋವರದಿಂದ ಸರೋವರಕ್ಕೆ ಸಾಗುತ್ತ, ರಾತ್ರಿ ದಡದಲ್ಲಿ ಬಿಡಾರ ಹೂಡುವ ಪದ್ಧತಿ ಬಹಳ ಜನಪ್ರಿಯವಾಗಿದೆ. ನಮ್ಮ ನಾಡಿನಲ್ಲಿ ಇಂಥ ಸಂಚಾರಕ್ಕೆ ಹೆಸರಾದ ಸ್ಥಳ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೊನ್ನೆಮರಡು. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಇಲ್ಲಿ ಬೆಟ್ಟಗಳ ನಡುವೆ ಹರಡಿ, ನೂರಾರು ನಡುಗಡ್ಡೆಗಳನ್ನು ನಿರ್ಮಿಸಿದೆ. ಹರಿಗೋಲು, ಕ್ಯಾನೋ, ಕಯಾಕ್‍ಗಳನ್ನು ನಡೆಸುವುದನ್ನು ಕಲಿತು, ನಡುಗಡ್ಡೆಯಲ್ಲಿ ರಾತ್ರಿ ಕಳೆದ ವಿದ್ಯಾರ್ಥಿ ತಂಡಗಳು ಇಲ್ಲಿ ಅನೇಕ.

ನಮ್ಮ ಉದಾಹರಣೆಯಲ್ಲಿ ದೊಡ್ಡಬಳ್ಳಾಪುರದ ಒಂದು ಕಾಲೇಜಿನಿಂದ ಹತ್ತು ಮಂದಿ ವಿದ್ಯಾರ್ಥಿಗಳೂ, ಇಬ್ಬರು ಅನುಭವಸ್ಥ ಮಾರ್ಗದರ್ಶಕರೂ ಶರಾವತಿಯ ಹಿನ್ನೀರಿಗೆ ಹೊರಡುತ್ತಾರೆಂದು ಇಟ್ಟುಕೊಳ್ಳೋಣ. ಒಟ್ಟು 12 ಜನ. ಇಬ್ಬರಿಗೊಂದರಂತೆ 6 ಕ್ಯಾನೋಗಳು. ಮೂರು ಹಗಲು, ಎರಡು ರಾತ್ರಿ.

ಅನುಮತಿ ಮತ್ತು ಕಾಲ

ಸ್ವೀಡನ್ನಿನಲ್ಲಿ ಕಾಡು, ಸರೋವರಗಳಲ್ಲಿ ಸಂಚರಿಸುವ ಸರ್ವಜನರ ಹಕ್ಕನ್ನು 1994ರಿಂದ ಆ ದೇಶದ ಸಂವಿಧಾನವೇ ಮಾನ್ಯಮಾಡಿದೆ. ನಾರ್ವೆಯಲ್ಲಿ 1957ರ ಕಾನೂನಿನಂತೆ, ಬೇಸಾಯವಿಲ್ಲದ ಬಯಲಿನಲ್ಲಿ, ವಾಸದ ಮನೆಗಳಿಂದ 150 ಮೀಟರಿನಾಚೆ, ಯಾರನ್ನೂ ಕೇಳದೆ ಡೇರೆ ಹಾಕಬಹುದು. ನಮ್ಮಲ್ಲಿ ಇಂಥ ಹಕ್ಕಿಲ್ಲ. ಲಿಂಗನಮಕ್ಕಿ ಜಲಾಶಯವು ಕರ್ನಾಟಕ ವಿದ್ಯುತ್ ನಿಗಮದ ಆಡಳಿತಕ್ಕೆ ಸೇರಿದುದು. ಅದರ ದಡದ ಬಹುಭಾಗ ಅರಣ್ಯ. ಅಭಯಾರಣ್ಯದೊಳಕ್ಕೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕು. ಆದುದರಿಂದ ಎಲ್ಲಿ ದೋಣಿ ನಡೆಸಬಹುದು, ಎಲ್ಲಿ ಬಿಡಾರ ಹೂಡಬಹುದು ಎಂಬುದನ್ನು ಆ ವರ್ಷ, ಆ ತಿಂಗಳಿಗೆ ಸಂಬಂಧಿಸಿದಂತೆ ಲಿಖಿತವಾಗಿ ತಿಳಿದುಕೊಳ್ಳುವುದೇ ಮೊದಲನೆಯ ಕೆಲಸ.

ಕಾಲದ ಆಯ್ಕೆ ಎರಡನೆಯದು. ಜೂನ್‍ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮುಂಗಾರಿನ ಅಬ್ಬರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯ ಗುಡುಗು ಮಿಂಚು, ಹಠಾತ್ತನೆ ಬೀಸುವ ಬಿರುಗಾಳಿ. ಡಿಸೆಂಬರ್, ಜನವರಿಗಳು ಉತ್ತಮ. ಮಳೆ ನಿಂತಿರುತ್ತದೆ, ನೀರಿನ ಮಟ್ಟವೂ ಬಹಳ ಇಳಿದಿರುವುದಿಲ್ಲ. ಮಟ್ಟ ಇಳಿದಂತೆಲ್ಲ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಮೇಲ್ಮೈಗೆ ಸಮೀಪಿಸಿ ದೋಣಿಯ ತಳಕ್ಕೆ ತಾಗುವ ಭಯವುಂಟು. ದಡವೂ ಸ್ಥಳ ಬದಲಿಸುತ್ತದೆ. ಇಳಿಜಾರು 20ಕ್ಕೆ 1ರಂತಿರುವ ಕಡೆ ನೀರು 3 ಮೀಟರ್ ಇಳಿದರೆ, ನೀರಿನ ಅಂಚು 60 ಮೀಟರ್ ಹಿಂದೆ ಸರಿಯುತ್ತದೆ. ನಕ್ಷೆಯಲ್ಲಿ ಕಂಡ ದಡ ಕಣ್ಣೆದುರಿಗೆ ಇಲ್ಲದಿರಬಹುದು ಎಂಬುದನ್ನು ಮರೆಯಬಾರದು.

ದೋಣಿ ಹೊರುವ ಭಾರ

ತೇಲುವ ವಸ್ತುವು ತನ್ನ ಭಾರಕ್ಕೆ ಸಮನಾದ ಭಾರವುಳ್ಳ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದನ್ನು ಕ್ಯಾನೋಗೆ ಅನ್ವಯಿಸೋಣ. ಉದ್ದ 5 ಮೀಟರ್, ಅಗಲ 85 ಸೆಂಟಿಮೀಟರ್. ಎರಡು ತುದಿಗಳೂ ಚೂಪಾಗಿರುವುದರಿಂದ, ನೀರನ್ನು ಮುಟ್ಟುವ ಕ್ಷೇತ್ರಫಲವು ಪೂರ್ಣ ಆಯತದ 65 ಶೇಕಡದಷ್ಟೆಂದು ಹಿಡಿದರೆ, 5 × 0.85 × 0.65 = ಸುಮಾರು 2.76 ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಿದರೆ ಸರಿಯುವ ನೀರು 27.6 ಲೀಟರ್; ಎಂದರೆ ಪ್ರತಿ 28 ಕಿಲೋಗ್ರಾಂ ಭಾರಕ್ಕೆ ದೋಣಿ ಒಂದು ಸೆಂಟಿಮೀಟರಿನಷ್ಟು ಮುಳುಗುವುದು. ದೋಣಿಯ ಭಾರ 35, ಇಬ್ಬರ ಭಾರ 120, ಸಾಮಾನು 65: ಒಟ್ಟು 220 ಕಿಲೋಗ್ರಾಂ. ಲೆಕ್ಕದಂತೆ 8 ಸೆಂಟಿಮೀಟರ್. ತಳ ಬಾಗಿರುವುದರಿಂದ 10 ಎಂದಿಟ್ಟುಕೊಳ್ಳೋಣ. ದೋಣಿಯ ಆಳ 35 ಆದರೆ, ನೀರಿನ ಮೇಲೆ 25 ಸೆಂಟಿಮೀಟರ್ ಅಂಚು ಉಳಿಯುತ್ತದೆ.

ಹಾಗಾದರೆ ಇನ್ನಿಬ್ಬರು ಕುಳಿತರೆ ತಪ್ಪೇನು? ಅಂಚು ಸುಮಾರು 20 ಸೆಂಟಿಮೀಟರಿಗೆ ಇಳಿಯುತ್ತದೆ, ದೋಣಿಯಂತೂ ಮುಳುಗುವುದಿಲ್ಲ. ಆದರೆ ಅಪಾಯವು ಮುಳುಗುವುದರಲ್ಲಿ ಅಲ್ಲ, ವಾಲುವುದರಲ್ಲಿದೆ. ದೋಣಿ 20 ಅಂಶ ವಾಲಿದರೆ, ಒಂದು ಪಕ್ಕದ ಅಂಚು ಹದಿನಾಲ್ಕೂವರೆ ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ. ಇಬ್ಬರಿರುವ ದೋಣಿಯಲ್ಲಿ ಆಗಲೂ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಅಂಚು ಉಳಿದಿರುತ್ತದೆ. ನಾಲ್ವರಿರುವ ದೋಣಿಯಲ್ಲಿ ಐದೂವರೆ ಮಾತ್ರ. ಅಂಗೈಯಷ್ಟು ಎತ್ತರದ ಅಲೆ ಬಂದರೂ ನೀರು ಒಳನುಗ್ಗುವುದು. ಆದುದರಿಂದ ಭಾರದ ಸಾಮಾನನ್ನು ದೋಣಿಯ ತಳದಲ್ಲಿ, ನಡುವೆ ಇಡಬೇಕು. ಯಾರೂ ಎದ್ದು ನಿಲ್ಲಬಾರದು.

ನಮ್ಮ ನಾಡಿನ ಹರಿಗೋಲು ಈ ವಿಷಯದಲ್ಲಿ ಮೇಲು. ಎರಡೂವರೆ ಮೀಟರ್ ವ್ಯಾಸದ ಹರಿಗೋಲು ಒಂದು ಸೆಂಟಿಮೀಟರ್ ಮುಳುಗಬೇಕಾದರೆ 49 ಕಿಲೋಗ್ರಾಂ ಭಾರ ಬೇಕು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಗಿನ, ತೊಗಲು ಹೊದಿಸಿದ ದೋಣಿಗಳಲ್ಲಿ ಜನರು ಆನೆಗೊಂದಿಯ ಕಡೆಗೆ ಹೊಳೆ ದಾಟುತ್ತಿದ್ದರೆಂದೂ, ಕುದುರೆ ಎತ್ತುಗಳನ್ನೂ ಅವುಗಳಲ್ಲಿ ಸಾಗಿಸುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಆದರೆ ದುಂಡಗಿನ ವಸ್ತುವಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟಿನ ಬಲದ ಒಂದು ಭಾಗ ತಿರುಗುವುದರಲ್ಲಿಯೇ ವ್ಯಯವಾಗುತ್ತದೆ. ಹೊಳೆ ದಾಟಲು ಹರಿಗೋಲು, ಬಹುದೂರ ಸಾಗಲು ನೀಳದೋಣಿ—ಇದು ಆಕಾರದಿಂದಲೇ ಬಂದ ನಿಯಮ.

ಆಹಾರ ಮತ್ತು ಕುಡಿಯುವ ನೀರು

ದಿನವಿಡೀ ದುಡಿಯುವ ತರುಣನಿಗೆ ಸುಮಾರು 3000 ಕಿಲೋಕ್ಯಾಲೊರಿಯ ಆಹಾರ ಬೇಕೆಂದುಕೊಳ್ಳೋಣ. ಅಕ್ಕಿ, ಬೇಳೆ, ಅವಲಕ್ಕಿ, ರಾಗಿಯ ಹುರಿಹಿಟ್ಟು, ಬೆಲ್ಲ ಮುಂತಾದ ಒಣ ಪದಾರ್ಥಗಳು ನೂರು ಗ್ರಾಮಿಗೆ ಸುಮಾರು 350 ಕಿಲೋಕ್ಯಾಲೊರಿ ಒದಗಿಸುತ್ತವೆ. ಈ ಪ್ರಮಾಣದಂತೆ 12 ಜನರಿಗೆ ಮೂರು ದಿನಕ್ಕೆ 31 ಕಿಲೋಗ್ರಾಂ ಸಾಕು; ದೋಣಿಗೆ ಐದು ಕಿಲೋಗ್ರಾಂ ಸ್ವಲ್ಪ ಮೀರುತ್ತದೆ, ಅಷ್ಟೆ. ನಮ್ಮ ಜಿಲ್ಲೆಯ ಮನೆಗಳಿಗೆಲ್ಲ ಪರಿಚಿತವಾದ ಹುರಿಹಿಟ್ಟು ಇಂಥ ಪ್ರವಾಸಕ್ಕೆ ಹೇಳಿಮಾಡಿಸಿದ ಆಹಾರ. ಒಲೆ ಬೇಡ, ಬೆಲ್ಲ, ನೀರು ಬೆರೆಸಿದರೆ ಊಟ ಸಿದ್ಧ. ಮಳೆಯಲ್ಲಿ ಒಲೆ ಹತ್ತದ ಸಂಜೆಗೆ ಅದೇ ಆಧಾರ.

ನೀರಿನ ಲೆಕ್ಕ ಬೇರೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರಿನಂತೆ 12 ಜನರಿಗೆ ಮೂರು ದಿನಕ್ಕೆ 144 ಲೀಟರ್, ಎಂದರೆ 144 ಕಿಲೋಗ್ರಾಂ. ಸುತ್ತಲೂ ನೀರಿರುವಾಗ ನೀರೇ ಎಲ್ಲಕ್ಕಿಂತ ದೊಡ್ಡ ಹೊರೆಯಾಗುವುದು ವಿಚಿತ್ರವಾದರೂ ಸತ್ಯ. ಇದಕ್ಕೆ ಉಪಾಯ, ಹಿನ್ನೀರನ್ನೇ ಬಟ್ಟೆಯಲ್ಲಿ ಸೋಸಿ ಕುದಿಸುವುದು. 25 ಅಂಶ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರನ್ನು 100 ಅಂಶಕ್ಕೆ ಏರಿಸಲು 75 ಕಿಲೋಕ್ಯಾಲೊರಿ ಶಾಖ ಬೇಕು. 144 ಲೀಟರಿಗೆ 10,800. ಅಡುಗೆ ಅನಿಲದ ಒಂದು ಕಿಲೋಗ್ರಾಂ ಸುಮಾರು 11,000 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಅರ್ಧದಷ್ಟು ಗಾಳಿಗೆ ಹೋದರೂ ಎರಡು ಕಿಲೋಗ್ರಾಂ ಅನಿಲ ಸಾಕು. ಸಣ್ಣ ಸಿಲಿಂಡರಿನ ಉಕ್ಕಿನ ಭಾರ ಸೇರಿಸಿದರೂ ನೂರಕ್ಕೂ ಹೆಚ್ಚು ಕಿಲೋಗ್ರಾಂ ಉಳಿತಾಯ. ಆದರೂ ಮೊದಲ ದಿನಕ್ಕಾಗಿ ಪ್ರತಿಯೊಬ್ಬರೂ ಎರಡು ಲೀಟರ್ ಶುದ್ಧ ನೀರನ್ನು ಜೊತೆಗಿಟ್ಟುಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ: ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನೀರಿನಲ್ಲಿ ಕರಗಿದ ರಾಸಾಯನಿಕಗಳು ನಾಶವಾಗುವುದಿಲ್ಲ. ನಗರದ, ಕಾರ್ಖಾನೆಗಳ ಕೊಳೆನೀರು ಸೇರುವ ಕೆರೆಯ ನೀರನ್ನು ಎಷ್ಟು ಕುದಿಸಿದರೂ ಕುಡಿಯಲಾಗದು.

ಗಾಳಿ, ಅಲೆ ಮತ್ತು ವೇಗ

ತೆರೆದ ನೀರಿನಲ್ಲಿ ದೋಣಿಯವನ ಮುಖ್ಯ ಶತ್ರು ಗಾಳಿ. ಅಲೆಯ ಎತ್ತರವು ಗಾಳಿಯ ವೇಗ, ಅದು ಬೀಸುವ ಅವಧಿ, ತಡೆಯಿಲ್ಲದೆ ನೀರಿನ ಮೇಲೆ ಅದು ಓಡುವ ದೂರ—ಈ ಮೂರನ್ನು ಅವಲಂಬಿಸಿದೆ. ನಡುಗಡ್ಡೆಯ ಮರೆಯಲ್ಲಿ ನೀರು ಶಾಂತವಾಗಿದ್ದು, ಅದನ್ನು ದಾಟಿದೊಡನೆ ಅಲೆಗಳೇಳುವುದು ಈ ಕಾರಣದಿಂದ. ಗಾಳಿಯ ವೇಗ ಎರಡರಷ್ಟಾದರೆ ಅದು ದೋಣಿಯನ್ನು ನೂಕುವ ಬಲ ನಾಲ್ಕರಷ್ಟಾಗುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿಯೂ ಏರುವುದರಿಂದ, ಬೆಳಗಿನ ಜಾವವೇ ಪ್ರಯಾಣಕ್ಕೆ ತಕ್ಕ ಕಾಲ.

ಈಗ ದಿನದ ಪ್ರಯಾಣ 9 ಕಿಲೋಮೀಟರ್ ಎಂದಿರಲಿ. ಅರ್ಧ ಲಕ್ಷಕ್ಕೆ ಒಂದರ ಅಳತೆಯ ನಕ್ಷೆಯಲ್ಲಿ ಇದು 18 ಸೆಂಟಿಮೀಟರ್. ದಡದ ಅಂಕುಡೊಂಕನ್ನು ದಾರದಿಂದ ಅಳೆಯಬೇಕು. ನಿಶ್ಚಲವಾದ ನೀರಿನಲ್ಲಿ ಐದು ದೋಣಿಗಳು ಗಂಟೆಗೆ 4 ಕಿಲೋಮೀಟರ್ ಸಾಗುತ್ತವೆ. ಬಲಹೀನರಿಬ್ಬರು ಕುಳಿತ ಆರನೆಯದು ಎರಡೂವರೆ ಮಾತ್ರ. ಮುಂದಿನವರ ಲೆಕ್ಕದಲ್ಲಿ ಇದು ಎರಡೂಕಾಲು ಗಂಟೆಯ ದಾರಿ. ಎದುರುಗಾಳಿಯಿಂದ ಎಲ್ಲರ ವೇಗವೂ ಒಂದು ಕಿಲೋಮೀಟರ್ ಕುಗ್ಗಿತೆನ್ನಿ. ಆಗ ಆರನೆಯ ದೋಣಿಯ ವೇಗ ಒಂದೂವರೆ. ಅದಕ್ಕೆ 6 ಗಂಟೆ ಬೇಕು. ಗುಂಪೆಂದ ಮೇಲೆ ಹಿಂದುಳಿದವರನ್ನು ಬಿಟ್ಟು ಹೋಗುವಂತಿಲ್ಲ. ಆದುದರಿಂದ ಇಡೀ ತಂಡದ ಪ್ರಯಾಣ 6 ಗಂಟೆಯದು. ಬಲವಂತನೊಬ್ಬನನ್ನೂ ಬಲಹೀನನೊಬ್ಬನನ್ನೂ ಒಂದೇ ದೋಣಿಯಲ್ಲಿ ಕೂಡಿಸಿ, ಎಲ್ಲ ದೋಣಿಗಳ ವೇಗವನ್ನೂ 3 ಕಿಲೋಮೀಟರಿಗೆ ತಂದರೆ, ಅದೇ ಗಾಳಿಯಲ್ಲಿ ನಾಲ್ಕೂವರೆ ಗಂಟೆಯಲ್ಲಿ ಎಲ್ಲರೂ ದಡ ಸೇರುವರು. ಯಾರ ತೋಳಿನ ಬಲವೂ ಹೆಚ್ಚದೆ, ಕುಳಿತ ಜಾಗ ಬದಲಾದುದರಿಂದಲೇ ಒಂದೂವರೆ ಗಂಟೆ ಉಳಿಯಿತು. ಗುಂಪಿನ ವೇಗವನ್ನು ಅತಿ ನಿಧಾನವಾದವನಿಂದ ಅಳೆಯತಕ್ಕದ್ದು. ಸಿದ್ಧತೆಯ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ತೇಲುವ ಅಂಗಿ

ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಸಮೀಪ. ಉಸಿರು ತುಂಬಿಕೊಂಡಾಗ ತೇಲುತ್ತೇವೆ, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗುತ್ತೇವೆ. ಆದರೆ ಉಸಿರಾಡಲು ತಲೆ ನೀರಿನ ಮೇಲಿರಬೇಕು. ಮೇಲೆದ್ದ ತಲೆಯ ನಾಲ್ಕೈದು ಕಿಲೋಗ್ರಾಂ ಭಾರವನ್ನು ಈಜುಬಲ್ಲವನು ಕೈಕಾಲುಗಳ ಶ್ರಮದಿಂದ ಹೊರುತ್ತಾನೆ. ದಣಿದಾಗ ಅದು ಅಸಾಧ್ಯ. ಏಳೆಂಟು ಕಿಲೋಗ್ರಾಂ ತೇಲುಬಲವಿರುವ ಲೈಫ್ ಜಾಕೆಟ್ ಈ ಶ್ರಮವನ್ನು ತಾನೇ ವಹಿಸಿಕೊಳ್ಳುತ್ತದೆ. ದೋಣಿಯ ಮೂಲೆಯಲ್ಲಿಟ್ಟ ಜಾಕೆಟ್‍ನಿಂದ ಪ್ರಯೋಜನವಿಲ್ಲ. ಮಗುಚಿದ ಮೇಲೆ ಅದನ್ನು ಧರಿಸಲು ಅವಕಾಶ ಸಿಗದು. ಈಜುಬಲ್ಲವರೂ ಬಾರದವರೂ ದಡದಲ್ಲಿಯೇ ಅದನ್ನು ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದುಕೊಂಡು ಹತ್ತಬೇಕು. ಮಗುಚಿದರೆ ದೋಣಿಯನ್ನು ಬಿಡದೆ ಹಿಡಿದುಕೊಳ್ಳುವ ಅಭ್ಯಾಸವನ್ನು ಹೊರಡುವ ಮೊದಲೇ, ಮಾರ್ಗದರ್ಶಕರ ಮುಂದೆ, ಈಜುಕೊಳದಲ್ಲಿ ಮಾಡಿರಬೇಕು.

ಸ್ಕ್ಯಾಂಡಿನೇವಿಯದ ಸರೋವರಗಳಲ್ಲಿ ಇದಕ್ಕಿಂತ ಬೇರೊಂದು ಭಯವುಂಟು. ನೀರು ಗಾಳಿಗಿಂತ ಸುಮಾರು 25ರಷ್ಟು ಹೆಚ್ಚಾಗಿ ಶಾಖವನ್ನು ಹರಿಯಗೊಡುತ್ತದೆ. ಬೇಸಗೆಯ ಆರಂಭದಲ್ಲಿ ಅಲ್ಲಿಯ ತಣ್ಣೀರಿಗೆ ಬಿದ್ದವನ ಕೈಗಳು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ. ನಮ್ಮಲ್ಲಿ ಚಳಿಯ ಬದಲು ಬಿಸಿಲು, ದಣಿವುಗಳ ಭಯ. ಉತ್ತರ ಧ್ರುವವೃತ್ತದಾಚೆ ಜೂನ್ ತಿಂಗಳಿನಲ್ಲಿ ಸೂರ್ಯ ಮುಳುಗದ ರಾತ್ರಿಗಳಿರುವುದರಿಂದ, ತಡವಾದರೂ ಬೆಳಕು ಸಿಗುತ್ತದೆ. ಮಲೆನಾಡಿನ ಡಿಸೆಂಬರಿನಲ್ಲಿ ಸಂಜೆ ಆರು ಗಂಟೆ ಕಳೆಯುತ್ತಲೇ ಕತ್ತಲೆ.

ಗುಂಪಿನ ಕಟ್ಟುಪಾಡು

ಮಾರ್ಗದರ್ಶಕರಲ್ಲಿ ಒಬ್ಬರು ಮೊದಲ ದೋಣಿಯಲ್ಲಿ, ಇನ್ನೊಬ್ಬರು ಕೊನೆಯದರಲ್ಲಿ ಇರಬೇಕು. ನಡುವಿನ ಯಾವ ದೋಣಿಯೂ ಸೀಟಿ ಕೇಳುವ ದೂರವನ್ನು ಮೀರಬಾರದು. ದಾರಿ ದಡದ ಬದಿಯಲ್ಲಿರಲಿ. ಹೊರಡುವ ಮೊದಲೇ ‘ಹಿಂದಿರುಗುವ ಗಂಟೆ’ಯನ್ನು ನಿಶ್ಚಯಿಸಿ ಬರೆದಿಡಬೇಕು. ಹತ್ತು ಗಂಟೆಗೆ ಅರ್ಧದಾರಿ ಮುಟ್ಟದಿದ್ದರೆ ಹಿಂದಕ್ಕೆ ತಿರುಗುವುದೆಂದು ತೀರ್ಮಾನಿಸಿದ್ದರೆ, ಹತ್ತು ಗಂಟೆಗೆ ಮತ್ತೆ ಚರ್ಚೆ ಕೂಡದು. ದಣಿದ ಮನಸ್ಸು ‘ಇನ್ನು ಸ್ವಲ್ಪವೇ ಇದೆ’ ಎಂದು ವಾದಿಸುತ್ತದೆ. ಆ ವಾದಕ್ಕೆ ಉತ್ತರವನ್ನು ದಣಿಯುವ ಮೊದಲೇ ಸಿದ್ಧಮಾಡಿಟ್ಟಿರಬೇಕು. ಹೆಸರುಗಳು, ದಾರಿ, ಮರಳುವ ವೇಳೆ—ಇವುಗಳ ಒಂದು ಪ್ರತಿ ದಡದಲ್ಲಿರುವ ಹೊಣೆಗಾರರ ಬಳಿ ಇರಲಿ. ಮೊಬೈಲ್ ಸಂಕೇತ ಎಲ್ಲೆಡೆಯೂ ದೊರೆಯುವುದೆಂದು ನಂಬಬಾರದು. ದೊರೆತರೆ ತುರ್ತು ಸಂಖ್ಯೆ 112. ಬಿಡಾರ ಕಿತ್ತ ಮೇಲೆ ಕಸವೆಲ್ಲ ದೋಣಿಯಲ್ಲಿಯೇ ಹಿಂದಕ್ಕೆ ಬರತಕ್ಕದ್ದು.

ಅಭ್ಯಾಸ

ನೇರವಾದ ಗೋಡೆಯ ಒಂದು ಹಗುರವಾದ ಪಾತ್ರೆಯನ್ನು ಬಕೆಟ್ಟಿನ ನೀರಿನಲ್ಲಿ ತೇಲಿಸಿರಿ. ಅದರ ವ್ಯಾಸ 20 ಸೆಂಟಿಮೀಟರ್ ಆದರೆ ತಳದ ಕ್ಷೇತ್ರಫಲ 314 ಚದರ ಸೆಂಟಿಮೀಟರ್. ಪ್ರತಿ 314 ಗ್ರಾಂ ತೂಕಕ್ಕೆ ಅದು ಒಂದು ಸೆಂಟಿಮೀಟರ್ ಮುಳುಗಬೇಕು. ತೂಕವನ್ನು ನಡುವೆ ಇಟ್ಟು ಪರೀಕ್ಷಿಸಿರಿ. ಅನಂತರ ಅದೇ ತೂಕವನ್ನು ಅಂಚಿಗೆ ಸರಿಸಿರಿ. ಭಾರ ಹೆಚ್ಚಾಗದಿದ್ದರೂ ಪಾತ್ರೆ ವಾಲಿ ನೀರು ತುಂಬಿಕೊಳ್ಳುವುದನ್ನು ಕಾಣುವಿರಿ. ನೂರು ಎಚ್ಚರಿಕೆಯ ಮಾತುಗಳು ಕಲಿಸದುದನ್ನು ಈ ಬಕೆಟ್ಟು ನೀರು ಕಲಿಸುತ್ತದೆ.